45ಕ್ಕೆ ಅರ್ಥವಾಗದ ಮಾತು

ಅಕ್ಕನ ಮಗಳು ಸ್ಮಾಲ್‌ಟಾಕ್ ಕಲಿಯುತ್ತಿದ್ದಾಳೆ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ನಾನೂ ಒಂದು ಕಾಲದಲ್ಲಿ ಸ್ವಲ್ಪ ಬರೆದಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

"ಮಾಮ, ನಾಲ್ಕು ಸಾಲಿನ ಕೋಡು, ಅದೂ ಓಡ್ತಿಲ್ಲ."

ಅಂಕಗಳನ್ನು 'ಮಾರ್ಕ್ಸ್' ಅನ್ನುವ ಲಿಸ್ಟ್‌ಗೆ ಸೇರಿಸಿ ಸರಾಸರಿ ತೆಗೆಯುವ ಕೋಡು. ಎರರ್ ಇಷ್ಟೇ: ಸ್ಮಾಲ್‌ಇಂಟಿಜರ್‌ಗೆ, ಅಂದರೆ ಒಂದು ಪೂರ್ಣಾಂಕಕ್ಕೆ, 'ಆಡ್:' (ಸೇರಿಸು) ಅನ್ನುವ ಮೆಸೇಜ್ ಅರ್ಥವಾಗಲಿಲ್ಲ. ನಾನು ಅದನ್ನು ಸರಿಯಾಗಿ ಓದಲೇ ಇಲ್ಲ. ಸೀದಾ ಫುಲ್‌ಸ್ಟಾಪ್ ಹುಡುಕಲು ಹೊರಟೆ. ಸ್ಮಾಲ್‌ಟಾಕ್‌ನಲ್ಲಿ ಸಾಲಿನ ಕೊನೆಗೆ ಚುಕ್ಕಿ ಮರೆತರೆ ಮುಂದಿನ ಸಾಲು ಹಿಂದಿನದಕ್ಕೆ ಅಂಟಿಕೊಂಡು ಏನೇನೋ ಆಗುತ್ತದೆ. ಹೊಸಬರು ಎಡವುವುದು ಅಲ್ಲೇ ಜಾಸ್ತಿ. ಆದರೆ ಇವಳ ಚುಕ್ಕಿಗಳೆಲ್ಲ ಜಾಗದಲ್ಲೇ ಇದ್ದವು.

"ಮಾರ್ಕ್ಸ್ ಅನ್ನೋದು ಲಿಸ್ಟ್ ಅಲ್ವಾ? ಇಂಟಿಜರ್ ಎಲ್ಲಿಂದ ಬಂತು?" ಎಂದಳು. ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ.

ತಪ್ಪು ಹುಡುಕುವ ಕಿಟಕಿಯಾದ ಡೀಬಗ್ಗರ್‌ನಲ್ಲಿ ಮಾರ್ಕ್ಸ್ ಒಳಗೆ ಇಣುಕಿದೆವು. ಲಿಸ್ಟ್ ಇಲ್ಲ, ಬರೀ 45 ಕೂತಿದೆ! ಎರರ್ ಬಂದದ್ದು ಎರಡನೇ ಸಾಲಿನಲ್ಲಿ, ತಪ್ಪಿದ್ದದ್ದು ಮೊದಲನೆಯದರಲ್ಲಿ. ಹೊಸ ಆರ್ಡರ್ಡ್‌ಕಲೆಕ್ಷನ್ (ಸ್ಮಾಲ್‌ಟಾಕ್‌ನ ಲಿಸ್ಟ್) ಮಾಡಿ, ಅಲ್ಲೇ 45 ಸೇರಿಸಿ, ಬಂದ ಉತ್ತರಕ್ಕೆ ಮಾರ್ಕ್ಸ್ ಎಂದು ಹೆಸರಿಟ್ಟಿದ್ದಳು. 'ಆಡ್:' ವಾಪಸ್ ಕೊಡುವುದು ಲಿಸ್ಟನ್ನಲ್ಲ, ಸೇರಿಸಿದ ವಸ್ತುವನ್ನು. ಪಾಪ, ಲಿಸ್ಟ್ ಹೆಸರಿಲ್ಲದೆ ಕಳೆದುಹೋಗಿತ್ತು. ಆಮೇಲೆ 60 ಸೇರಿಸು ಅಂದರೆ 45 ತಾನೇ ಏನು ಮಾಡೀತು?

ಸೆಮಿಕೋಲನ್ ಹಾಕಿ ಕೊನೆಗೆ 'ಯುವರ್‌ಸೆಲ್ಫ್' ಎಂದು ಬರೆಯಬಹುದು, ಆಗ ಲಿಸ್ಟೇ ವಾಪಸ್ ಬರುತ್ತದೆ. ಅವಳಿಗೆ ಅದು ಹಿಡಿಸಲಿಲ್ಲ, ಒಂದು ಸಾಲನ್ನು ಎರಡು ಮಾಡಿದಳು: ಮೊದಲು ಲಿಸ್ಟ್‌ಗೆ ಹೆಸರು, ಆಮೇಲೆ 45. ಡೀಬಗ್ಗರ್ ಮುಚ್ಚಲು ಹೋದವಳನ್ನು ತಡೆದೆ. ಅಲ್ಲೇ ತಿದ್ದಿ ಸೇವ್ ಮಾಡಿಸಿದೆ. ಆ ಮೆಥಡ್ (ಕೋಡಿನ ತುಂಡು) ಮೊದಲಿನಿಂದ ಶುರುವಾಯಿತು, ಪ್ರೊಸೀಡ್ (ಮುಂದುವರಿಸು) ಒತ್ತಿದಳು, ಓಡಿತು. ಈ ಒಂದು ಸುಖಕ್ಕೇ ನನಗೆ ಈ ಭಾಷೆ ಇಷ್ಟ.

ಸುಮ್ನೆ ಇರಬಹುದಿತ್ತು. ಸರಾಸರಿಯ ಸಾಲು ಕಣ್ಣಿಗೆ ಬಿತ್ತು: ಮೊದಲ ಅಂಕ, ಪ್ಲಸ್, ಕೊನೆಯ ಅಂಕ, ಭಾಗಿಸು 2. "ಬ್ರಾಕೆಟ್ ಎಲ್ಲಿ? 60 ಮೊದಲು ಅರ್ಧವಾಗಿ 75 ಬರುತ್ತೆ ನೋಡು," ಎಂದು ನಾನೇ ಬ್ರಾಕೆಟ್ ಹಾಕಿದೆ. ಉತ್ತರ 105/2 ಎಂದು ಬಂತು. ಭಿನ್ನರಾಶಿಯನ್ನು ದಶಮಾಂಶ ಮಾಡದೆ ಹಾಗೇ ಇಟ್ಟುಕೊಳ್ಳುವುದು ಸ್ಮಾಲ್‌ಟಾಕ್‌ನ ರೂಢಿ.

ಅವಳು ಬ್ರಾಕೆಟ್ ಅಳಿಸಿ ಮತ್ತೆ ಓಡಿಸಿದಳು. ಮತ್ತೆ 105/2.

"ಇಲ್ಲಿ ಪ್ಲಸ್ಸು, ಭಾಗಾಕಾರ ಎಲ್ಲ ಒಂದೇ ಅಲ್ವಾ ಮಾಮ? ಎಡದಿಂದ ಬಲಕ್ಕೆ ಹೋಗುತ್ತೆ. ನಿನ್ನೆ ತಾನೇ ಓದಿದೆ."

ನಾನು ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿದೆ.