ಗೋಡೆಯ ಮೇಲೆ ಬರೆದಿದೆ ನೋಡಿ ಎಂದ ತಪ್ಪು

ಕೊಪ್ಪಳ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ ನಾನು ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ಕಂದಾಯ ಇಲಾಖೆಗೆ ಸೇರಿದವರಿಗೆ ಚುನಾವಣಾ ಕರ್ತವ್ಯ ಹೊಸದಲ್ಲ; ಗ್ರಾಮ ಪಂಚಾಯಿತಿಯಿಂದ ಹಿಡಿದು ಲೋಕಸಭೆಯವರೆಗೆ ಯಾವ ಚುನಾವಣೆ ಬಂದರೂ ಆದೇಶದ ಪ್ರತಿ ಮೊದಲು ನಮ್ಮ ಮೇಜಿಗೇ ಬರುತ್ತದೆ. ಆದರೆ ವಿಧಾನ ಪರಿಷತ್ತಿನ ಚುನಾವಣೆ ಉಳಿದವುಗಳ ಹಾಗಲ್ಲ ಎಂಬುದನ್ನು ನಾನು ತರಬೇತಿಯಲ್ಲಿ ಕೇಳಿದ್ದರೂ ಅರ್ಥ ಮಾಡಿಕೊಂಡದ್ದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಈ ಕರ್ತವ್ಯಕ್ಕೆ ಹೋಗುವ ಸಹೋದ್ಯೋಗಿಗಳಿಗೂ, ಮತ ಹಾಕುವ ಪದವೀಧರರಿಗೂ, ಶಿಕ್ಷಕರಿಗೂ ಇದು ಉಪಯೋಗಕ್ಕೆ ಬಂದೀತು.

ನಮ್ಮ ಮೇಲ್ಮನೆಯಲ್ಲಿ 75 ಸದಸ್ಯರಿದ್ದಾರೆ. ಅವರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಕೊಪ್ಪಳದವರಾದ ನಾವು ಈಶಾನ್ಯ ಪದವೀಧರರ ಕ್ಷೇತ್ರಕ್ಕೂ, ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೂ, ರಾಯಚೂರು ಜಿಲ್ಲೆಯೊಂದಿಗೆ ಕೂಡಿದ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೂ ಸೇರುತ್ತೇವೆ. ಈ ಮೂರರಲ್ಲಿಯೂ ಮತಯಂತ್ರವಿಲ್ಲ, ಚಿಹ್ನೆಯಿಲ್ಲ. ಮತಪತ್ರ, ಮತಪೆಟ್ಟಿಗೆ ಮತ್ತು ಚುನಾವಣಾಧಿಕಾರಿಗಳು ಕಳುಹಿಸಿದ ನೇರಳೆ ಬಣ್ಣದ ಸ್ಕೆಚ್ ಪೆನ್ ಇರುತ್ತವೆ. ಮತದಾರರು ತಮಗೆ ಬೇಕಾದ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂಬ ಅಂಕಿಯನ್ನು ಬರೆಯಲೇಬೇಕು. ಇಷ್ಟವಿದ್ದರೆ ಬೇರೆಯವರಿಗೆ 2, 3 ಎಂದು ಮುಂದಿನ ಪ್ರಾಶಸ್ತ್ಯಗಳನ್ನು ಕೊಡಬಹುದು.

2018ರ ಜೂನ್ 8ರಂದು ನಡೆದ ಪದವೀಧರರ ಕ್ಷೇತ್ರದ ಮತದಾನದಲ್ಲಿ ನನಗೆ ಮತಪತ್ರವನ್ನು ಮಡಚಿ ಪೆನ್ನಿನೊಂದಿಗೆ ಕೊಡುವ ಕೆಲಸ ಬಂದಿತ್ತು. ಬಂದವರೆಲ್ಲ ಪದವಿ ಪಡೆದವರು: ವಕೀಲರು, ಬ್ಯಾಂಕಿನವರು, ಉಪನ್ಯಾಸಕರು, ನಮ್ಮದೇ ಇಲಾಖೆಯ ಹಿರಿಯರು. ಇಂಥವರಿಗೆ ನಾನು ಹೇಳಿಕೊಡುವುದೇನಿದೆ ಎಂಬ ಸಂಕೋಚ ನನ್ನಲ್ಲಿತ್ತು. ‘ಇದೇ ಪೆನ್ನಿನಲ್ಲಿ ಬರೀರಿ’ ಎಂಬ ಒಂದು ಮಾತನ್ನು ಬಿಟ್ಟರೆ ಹೆಚ್ಚೇನೂ ಹೇಳಲಿಲ್ಲ. ಮಧ್ಯಾಹ್ನ ಸರದಿ ಬಾಗಿಲಾಚೆಗೂ ಬೆಳೆದಿದ್ದಾಗ, ನಿವೃತ್ತ ಮುಖ್ಯೋಪಾಧ್ಯಾಯರಂತೆ ಕಾಣುತ್ತಿದ್ದ ಹಿರಿಯರೊಬ್ಬರು ಮತಪತ್ರವನ್ನು ಕೈಯಲ್ಲಿ ಹಿಡಿದು, ‘ತಮ್ಮಾ, ರೈಟ್ ಮಾರ್ಕ್ ಹಾಕಿದ್ರ ನಡೀತೈತೇನು?’ ಎಂದು ಕೇಳಿದರು. ನಾನು ತಲೆ ಎತ್ತದೆ, ‘ಗ್ವಾಡಿ ಮ್ಯಾಲೆ ಬರದಾರ್ರೀ ಸರ, ನೋಡ್ರಿ’ ಎಂದೆ. ಗೋಡೆಯ ಮೇಲೆ ಸೂಚನಾ ಪತ್ರವೇನೋ ಇತ್ತು. ಅವರು ಒಂದು ಕ್ಷಣ ಆ ಕಡೆ ನೋಡಿ, ಜೇಬು ಮುಟ್ಟಿ ನೋಡಿಕೊಂಡು, ಕನ್ನಡಕವಿಲ್ಲದೆ ಹಾಗೆಯೇ ಒಳಗೆ ಹೋದರು. ಮತಪತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ, ನನಗೆ ಕೈಮುಗಿದು ಹೊರಟರು.

ನಾಲ್ಕು ದಿನಗಳ ನಂತರ, ಜೂನ್ 12ರಂದು, ಕಲಬುರಗಿಯ ಎಣಿಕೆ ಕೇಂದ್ರದಲ್ಲಿ ನಾನು ಎಣಿಕೆ ಸಹಾಯಕನಾಗಿ ಕುಳಿತಿದ್ದೆ. ಪೆಟ್ಟಿಗೆಗಳಿಂದ ತೆಗೆದ ಮತಪತ್ರಗಳನ್ನು ಮೊದಲು ಲೆಕ್ಕಹಾಕಿ, ಇಪ್ಪತ್ತೈದರ ಕಟ್ಟು ಮಾಡಿ, ಎಲ್ಲ ಮತಗಟ್ಟೆಗಳವನ್ನೂ ಒಟ್ಟಿಗೆ ಬೆರೆಸಿ, ಆಮೇಲೆ ಮೇಜುಗಳಿಗೆ ಹಂಚುತ್ತಾರೆ. ನನ್ನ ಕೈಗೆ ಬಂದ ಒಂದು ಕಟ್ಟಿನಲ್ಲಿ, ಅಭ್ಯರ್ಥಿಯ ಹೆಸರಿನ ಮುಂದಿನ ಚೌಕದ ಸರಿಯಾಗಿ ನಡುವೆ, ನೇರಳೆ ಬಣ್ಣದಲ್ಲಿ, ಎಲ್ಲಿಯೂ ಗೆರೆ ದಾಟದಂತೆ ಹಾಕಿದ ರೈಟ್ ಮಾರ್ಕ್ ಇತ್ತು. ವಿದ್ಯಾರ್ಥಿಯ ಉತ್ತರ ಪತ್ರಿಕೆಯ ಮೇಲೆ ಮೇಷ್ಟರು ಹಾಕುವಂಥದೇ ಗುರುತು. ಅದು ಆ ಹಿರಿಯರದೇ ಎಂದು ನಾನು ಹೇಳಲಾರೆ. ಹೇಳಲು ಸಾಧ್ಯವಾಗಬಾರದು ಎಂದೇ ಮತಪತ್ರಗಳನ್ನು ಬೆರೆಸುವುದು. ಆದರೆ ಅದನ್ನು ಅಸಿಂಧು ಎಂದು ಬೇರೆ ಇಡುವಾಗ ನನ್ನ ಕಿವಿಯಲ್ಲಿ ಅವರ ‘ತಮ್ಮಾ’ ಎಂಬ ಕರೆಯೇ ಇತ್ತು.

ಆ ದಿನ ಕಂಡ ಅಸಿಂಧು ಮತಪತ್ರಗಳಲ್ಲಿ ನಿರ್ಲಕ್ಷ್ಯದಿಂದ ಕೆಟ್ಟವು ಕಡಿಮೆ, ಶ್ರದ್ಧೆಯಿಂದ ಕೆಟ್ಟವೇ ಹೆಚ್ಚು. ಒಬ್ಬರು ‘ಒಂದು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ನಿಯಮದ ಪ್ರಕಾರ ಪ್ರಾಶಸ್ತ್ಯವನ್ನು ಅಂಕಿಯಲ್ಲಿ ತೋರಿಸಬೇಕೇ ಹೊರತು ಅಕ್ಷರದಲ್ಲಿ ಅಲ್ಲ. ಕನ್ನಡದ ೧ ಬರೆದಿದ್ದರೂ ನಡೆಯುತ್ತಿತ್ತು, ರೋಮನ್ ಅಂಕಿಯೂ ನಡೆಯುತ್ತಿತ್ತು. ಇನ್ನೊಬ್ಬರು 1 ಎಂದು ಸರಿಯಾಗಿ ಬರೆದು, ಅದರ ಕೆಳಗೆ ರುಜು ಹಾಕಿದ್ದರು. ದಿನವಿಡೀ ಕಡತಕ್ಕೆ ರುಜು ಹಾಕುವ ಕೈಗೆ ಅದು ಸಹಜ. ಆದರೆ ಮತದಾರರ ಗುರುತು ಹತ್ತುವಂಥ ಯಾವ ಬರಹವಿದ್ದರೂ ಮತ ಕೆಡುತ್ತದೆ. ಮತ್ತೊಬ್ಬರು ಇಬ್ಬರು ಅಭ್ಯರ್ಥಿಗಳಿಗೂ 1 ಕೊಟ್ಟಿದ್ದರು. ಕೆಲವರು 2ರಿಂದ ಆರಂಭಿಸಿದ್ದರು, 1 ಎಲ್ಲಿಯೂ ಇರಲಿಲ್ಲ.

ಇಂಥ ಒಂದೊಂದು ಮತಪತ್ರಕ್ಕೂ ಫಲಿತಾಂಶದಲ್ಲಿ ಎಷ್ಟು ತೂಕವಿದೆ ಎಂಬುದು ಎಣಿಕೆಯ ಕ್ರಮ ತಿಳಿದವರಿಗೆ ಗೊತ್ತು. ಒಂದೇ ಸ್ಥಾನವಿರುವ ಕ್ಷೇತ್ರದಲ್ಲಿ ಸಿಂಧು ಮತಗಳ ಒಟ್ಟು ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಒಂದನ್ನು ಕೂಡಿಸಿದರೆ ಬರುವುದೇ ಗೆಲುವಿನ ಕೋಟಾ. ಸಾವಿರ ಸಿಂಧು ಮತಗಳಿದ್ದರೆ 501. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅಷ್ಟು ತಲುಪದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕಣದಿಂದ ಕೈಬಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರ ಖಾತೆಗೆ ಸೇರಿಸುತ್ತಾ ಹೋಗುತ್ತಾರೆ. 2024ರಲ್ಲಿ ಇದೇ ಈಶಾನ್ಯ ಪದವೀಧರರ ಕ್ಷೇತ್ರದಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಕೋಟಾ ಸಿಗದೆ, ಎರಡನೇ ಪ್ರಾಶಸ್ತ್ಯದ ಎಣಿಕೆಯ ನಂತರವೇ ಕಾಂಗ್ರೆಸ್ಸಿನ ಚಂದ್ರಶೇಖರ ಪಾಟೀಲರು ಬಿಜೆಪಿಯ ಅಮರನಾಥ ಪಾಟೀಲರ ಎದುರು ಗೆದ್ದರು. 2021ರಲ್ಲಿ ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಫಲಿತಾಂಶ ಘೋಷಣೆಯಾದಾಗ ಅಂತರವಿದ್ದದ್ದು ಬರೀ ಆರು ಮತ. ಗೋಡೆಯ ಕಡೆ ಕೈ ತೋರಿಸಿ ನಾನು ಉಳಿಸಿಕೊಂಡದ್ದು ಅರ್ಧ ನಿಮಿಷ.

2021ರ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತದಾನಕ್ಕೆ ನನ್ನನ್ನು ಒಂದು ಗ್ರಾಮ ಪಂಚಾಯಿತಿಗೆ ಹಾಕಿದ್ದರು. ಮತದಾರರೆಂದರೆ ಆ ಪಂಚಾಯಿತಿಯ ಸದಸ್ಯರು ಮಾತ್ರ. ಹೆಚ್ಚು ಓದದ ಸದಸ್ಯೆಯೊಬ್ಬರು ಪೆನ್ನು ತೆಗೆದುಕೊಳ್ಳುವ ಮೊದಲೇ, ‘ಸಾಹೇಬ್ರ, ಅಂಕಿ ಬರೀಬೇಕೋ ಅಕ್ಷರ ಬರೀಬೇಕೋ? ಮಡಚೋದು ಉದ್ದಕೋ ಅಡ್ಡಕೋ?’ ಎಂದು ಒಂದೊಂದನ್ನೂ ಕೇಳಿದರು. ಉತ್ತರ ಸಿಗುವವರೆಗೆ ಅವರು ಮುಂದೆ ಹೆಜ್ಜೆ ಇಡಲಿಲ್ಲ. ನಾನು ಎದ್ದು ನಿಂತು, ಬರಿ ಹಾಳೆಯ ಮೇಲೆ ಗೆರೆ ಎಳೆದು, ಹೆಸರುಗಳಿಲ್ಲದೆ ತೋರಿಸಿದೆ. ಆ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಿಂದ ಕಾಂಗ್ರೆಸ್ಸಿನ ಶರಣಗೌಡ ಬಯ್ಯಾಪುರ ಅವರೂ, ಪಕ್ಕದ ಬಳ್ಳಾರಿಯಿಂದ ಬಿಜೆಪಿಯ ವೈ.ಎಂ. ಸತೀಶ್ ಅವರೂ ಆರಿಸಿ ಬಂದರು. ನನಗೆ ಆ ದಿನದಿಂದ ಉಳಿದದ್ದು ಆ ತಾಯಿಯ ಪ್ರಶ್ನೆಗಳು. ಕೇಳಲು ಅವರಿಗೆ ಸಂಕೋಚವಿರಲಿಲ್ಲ. ಪದವೀಧರರಿಗೆ ಕೇಳಲು ಸಂಕೋಚ, ನಮಗೆ ಹೇಳಲು ಸಂಕೋಚ. ಈ ಎರಡು ಸಂಕೋಚಗಳ ನಡುವೆಯೇ ಮತ ಕೆಡುತ್ತದೆ.

ಹೀಗಾಗಿ 2024ರ ಜೂನ್ 3ರ ಪದವೀಧರರ ಮತದಾನಕ್ಕೆ ಮತಗಟ್ಟೆಯ ಹೊಣೆ ಬಂದಾಗ, ಮತದಾರರಿಗೆ ವಿಧಾನ ವಿವರಿಸುವುದು ಪ್ರಭಾವ ಬೀರಿದಂತೆ ಆಗುವುದೇ ಎಂಬ ಅನುಮಾನವನ್ನು ಮೊದಲೇ ಮೇಲಧಿಕಾರಿಗಳಲ್ಲಿ ಕೇಳಿ ಪರಿಹರಿಸಿಕೊಂಡೆ. ಹೆಸರುಗಳ ಜಾಗದಲ್ಲಿ ಅ, ಆ, ಇ, ಈ ಎಂದು ಮಾತ್ರ ಬರೆದ ಒಂದು ಮಾದರಿ ಹಾಳೆಯನ್ನು ದೊಡ್ಡ ಅಕ್ಷರಗಳಲ್ಲಿ ಮಾಡಿ, ಪೆನ್ನು ಕೊಡುವ ಮೇಜಿನ ಮೇಲೆಯೇ ಅಂಟಿಸಿದೆವು. ಪೆನ್ನು ಕೊಡುವವರು ಪ್ರತಿಯೊಬ್ಬರಿಗೂ, ಅವರು ಯಾರೇ ಆಗಿರಲಿ, ‘ಅಂಕಿಯಲ್ಲಿ 1 ಬರೀರಿ, ರೈಟ್ ಮಾರ್ಕ್ ಬೇಡ, ರುಜು ಬೇಡ’ ಎಂದು ಹೇಳಬೇಕೆಂದು ನಿಶ್ಚಯಿಸಿದೆವು. ‘ನಮಗ ಗೊತ್ತೈತ್ರಿ’ ಎಂದು ಬೇಸರಪಟ್ಟವರು ಕೆಲವರು. ‘ಹೇಳಿದ್ದು ಛಲೋ ಆತ್ರಿ, ನಾ ಟಿಕ್ ಹಾಕಾಂವ ಇದ್ದೆ’ ಎಂದವರೂ ಇದ್ದರು.

ಸಹಿಸಲು ಕಷ್ಟವಾದದ್ದು ಪಟ್ಟಿಯಲ್ಲಿ ಹೆಸರಿಲ್ಲದೆ ಮರಳಿದವರ ಮುಖ. ವಿಧಾನಸಭೆಯ ಪಟ್ಟಿಯಂತೆ ಇದು ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಪಟ್ಟಿ ತಯಾರಾಗುತ್ತದೆ, ಪದವೀಧರರು ನಮೂನೆ-18ನ್ನು ಮತ್ತೆ ತುಂಬಬೇಕಾಗುತ್ತದೆ. ‘ಹೋದ ಸಲ ಹಾಕೀನಲ್ರೀ’ ಎಂದು ಗುರುತಿನ ಚೀಟಿ ಹಿಡಿದು ನಿಂತವರಿಗೆ ಆ ಹೊತ್ತಿನಲ್ಲಿ ಮಾಡಿಕೊಡಲು ಏನೂ ಇರುವುದಿಲ್ಲ.

ನಮ್ಮ ಮತಗಟ್ಟೆಯ ಶ್ರಮದಿಂದ ಎಷ್ಟು ಮತ ಉಳಿದವು ಎಂಬುದನ್ನು ತಿಳಿಯುವ ದಾರಿಯಿಲ್ಲ. ಏಳು ಜಿಲ್ಲೆಗಳ ಮತಪತ್ರಗಳು ಕಲಬುರಗಿಯಲ್ಲಿ ಬೆರೆತು ಹೋದವು. ಅಸಿಂಧುವಾದವು ಆಗಲೂ ಸಾವಿರಗಳ ಲೆಕ್ಕದಲ್ಲಿದ್ದವು.

ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ 2020ರಲ್ಲಿ ಆಯ್ಕೆಯಾದವರ ಆರು ವರ್ಷದ ಅವಧಿ 2026ಕ್ಕೆ ಮುಗಿಯುತ್ತದೆ. ಅಲ್ಲಿನ ಮತದಾರರು ದಿನಕ್ಕೆ ನೂರಾರು ಬಾರಿ ರೈಟ್ ಮಾರ್ಕ್ ಹಾಕುವವರು. ಕೈ ತಾನಾಗಿಯೇ ಆ ಗುರುತಿಗೆ ಹೋಗುತ್ತದೆ. ಮೊನ್ನೆ ನಮೂನೆ-19ರ ಬಗ್ಗೆ ವಿಚಾರಿಸಲು ಕಚೇರಿಗೆ ಬಂದಿದ್ದ ಪ್ರೌಢಶಾಲೆಯ ಶಿಕ್ಷಕಿಯೊಬ್ಬರಿಗೆ ಅದೇ ಮಾದರಿ ಹಾಳೆಯ ಪ್ರತಿಯೊಂದನ್ನು ಕೊಟ್ಟೆ. ಅವರು ಓದಿ, ಮಡಚಿ, ‘ಇನ್ನೂ ಹತ್ತು ಕೊಡ್ರಿ ಸರ್, ಸ್ಟಾಫ್ ರೂಮಿನ್ಯಾಗ ಹಂಚತೀನಿ’ ಎಂದರು. ಜೆರಾಕ್ಸ್ ಮಾಡಿಸಿ ಇಪ್ಪತ್ತು ಕೊಟ್ಟು ಕಳುಹಿಸಿದೆ.