ರಾಯಚೂರು ಬಿಸಿಲಿನಲ್ಲಿ ಕೋಕೋಪೀಟ್ ಕುಂಡ

5 ಕಿಲೋ ಕೋಕೋಪೀಟ್ (ಒತ್ತಿದ ತೆಂಗಿನ ನಾರಿನ ಪುಡಿ) ಇಟ್ಟಿಗೆಗೆ 20-25 ಲೀಟರ್ ನೀರು ಹಾಕಿದರೆ ಉಬ್ಬಿ ಸುಮಾರು 60-70 ಲೀಟರ್ ಪುಡಿಯಾಗುತ್ತದೆ. ಹಾಗೇ ಕುಂಡಕ್ಕೆ ತುಂಬಬೇಡಿ. ನಾರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಕೂತಿರುತ್ತದೆ. ಎರಡು ಮೂರು ಸಲ ತೊಳೆದು ಹಿಂಡಿ. ಸವುಳು ಬೋರ್ ನೀರಲ್ಲಿ ತೊಳೆದರೆ ತೊಳೆದೂ ದಂಡ, ಕಾಲುವೆ ನೀರೋ ಮಳೆನೀರೋ ಆಗಬೇಕು. ಆಮೇಲೆ 10 ಲೀಟರ್ ನೀರಲ್ಲಿ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಸುರಿದು, ಒಂದು ರಾತ್ರಿ ಬಿಟ್ಟು ಮತ್ತೆ ತೊಳೆಯಿರಿ. ಇಲ್ಲದಿದ್ದರೆ ಗಿಡಕ್ಕೆ ಕೊಟ್ಟ ಕ್ಯಾಲ್ಸಿಯಂ ಅನ್ನು ನಾರೇ ಹಿಡಿದುಕೊಳ್ಳುತ್ತದೆ, ಟೊಮೆಟೊ ಕಾಯಿಯ ತಳ ಕಪ್ಪಾಗುತ್ತದೆ.

ತರಕಾರಿಗೆ ಎರಡು ಪಾಲು ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ಸಿಪ್ಪೆ ಚೂರು. ಆರ್ಕಿಡ್‌ಗೆ ಬರೀ ಚೂರು. ಬೇಸಿಗೆಯಲ್ಲಿ ಮೇಲ್ಪದರ ಮಧ್ಯಾಹ್ನಕ್ಕೇ ಒಣಗಿ ಕಾಣುತ್ತದೆ. ಅದನ್ನು ನಂಬಿ ನೀರು ಸುರಿದವರೇ ಬೇರು ಕೊಳೆಸುವುದು. ಎರಡು ಇಂಚು ಬೆರಳು ಇಳಿಸಿ ನೋಡಿ.