ಎಲ್ಲ ಆಕಾರಗಳನ್ನೂ ಎಣಿಸಿಬಿಡಬಾರದಾ?

ಅಣುಗಳ ಆಕಾರ ಹುಡುಕೋದು ನನ್ನ ಕೆಲಸ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ: "ಕಂಪ್ಯೂಟರ್ ಇದೆಯಲ್ಲ, ಎಲ್ಲ ಆಕಾರಗಳನ್ನೂ ಎಣಿಸಿಬಿಡಬಾರದಾ?" ಮೊನ್ನೆ ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಇದನ್ನೇ ಕೇಳಿದರು.

ಅಣು ಚಿಕ್ಕದಾದರೆ ಎಣಿಸಬಹುದು. ಸಿಗರೇಟ್ ಲೈಟರ್‌ನಲ್ಲಿರುವ ಬ್ಯೂಟೇನನ್ನೇ ತಗೊಳ್ಳಿ. ನಾಲ್ಕು ಕಾರ್ಬನ್‌ಗಳ ಸಣ್ಣ ಸರಪಳಿ. ನಡುವಿನ ಬಂಧವನ್ನು ತಿರುಗಿಸುತ್ತಾ ಹೋದರೆ ಅದು ಮೂರು ಕಡೆ ಆರಾಮಾಗಿ ನಿಲ್ಲುತ್ತದೆ: ಒಂದು ಕಡೆ ಚಾಚಿಕೊಂಡು, ಇನ್ನೆರಡು ಕಡೆ ಮಡಚಿಕೊಂಡು. ಇಂಥ ಹತ್ತು ಬಂಧಗಳಿದ್ದರೆ, ಒಂದೊಂದಕ್ಕೂ ಮೂರು ಪಟ್ಟಾಗುತ್ತಾ, ಲೆಕ್ಕ 59,049ಕ್ಕೆ ಹೋಗುತ್ತದೆ. ಪರವಾಗಿಲ್ಲ. ಇಪ್ಪತ್ತಿದ್ದರೆ? 348 ಕೋಟಿ!

ಇದರಲ್ಲಿ ಎಷ್ಟೋ ಆಕಾರಗಳು ಆಗುವಂಥವೇ ಅಲ್ಲ, ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು 1963ರಲ್ಲೇ ಪ್ರೋಟೀನ್ ಸರಪಳಿಗೆ ಇದನ್ನು ತೋರಿಸಿದ್ದರು. (ಆಮೇಲೆ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೇ ಬಂದರು.)

ಉಳಿದವೂ ಸರಿಸಮ ಅಲ್ಲ. ಬ್ಯೂಟೇನ್ ಮೂರರಲ್ಲಿ ಎರಡು ಪಾಲು ಹೊತ್ತು ಚಾಚಿಕೊಂಡೇ ಇರುತ್ತದೆ. ನಮಗೆ ಬೇಕಿರುವುದು ಆ ಪಾಲು, ಆಕಾರಗಳ ಪಟ್ಟಿಯಲ್ಲ. 1953ರಲ್ಲಿ ಬಂದ ಮೆಟ್ರೊಪೊಲಿಸ್ ಎಂಬ ಕಂಪ್ಯೂಟರ್ ಲೆಕ್ಕದ ವಿಧಾನ ಮಾಡುವುದು ಇದನ್ನೇ. ಸುಮ್ನೆ ಒಂದು ಬಂಧವನ್ನು ಸ್ವಲ್ಪ ತಿರುಚು. ಶಕ್ತಿ ಇಳಿದರೆ ಒಪ್ಪಿಕೋ. ಏರಿದರೆ ಚೀಟಿ ಎತ್ತು. ಏರಿಕೆ ಜಾಸ್ತಿಯಾದಷ್ಟೂ ಒಪ್ಪುವ ಸಾಧ್ಯತೆ ಕಡಿಮೆ. ಹೀಗೆ ಬೇಕಾದಷ್ಟು ಹೊತ್ತು ಅಲೆದರೆ ಪಾಲುಗಳು ತಾವಾಗಿ ಸರಿಹೋಗುತ್ತವೆ.

ಎಡವುವುದು ಆ "ಬೇಕಾದಷ್ಟು ಹೊತ್ತು" ಅನ್ನುವಲ್ಲಿ. ಒಮ್ಮೆ ನಾನು ಮೂರು ದಿನ ಓಡಿಸಿಟ್ಟು ಬಂದು ನೋಡಿದರೆ, ಅಣು ಮೊದಲ ದಿನ ಬಿದ್ದ ಕಡಿಮೆ ಶಕ್ತಿಯ ಗುಂಡಿಯಲ್ಲೇ ಕೂತಿತ್ತು. ಗ್ರಾಫ್ ಮಾತ್ರ ಎಷ್ಟು ನುಣುಪಾಗಿತ್ತೆಂದರೆ, ಎಲ್ಲ ಸರಿಯಾಗಿದೆ ಅಂತಲೇ ನಂಬಿದ್ದೆ. ಈಗ ಅದೇ ಅಣುವಿನ ಹಲವು ನಕಲುಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಓಡಿಸುತ್ತೇನೆ. ಬಿಸಿಯಾದದ್ದು ಶಕ್ತಿಯ ಗುಡ್ಡ ಹಾರುತ್ತದೆ. ನಡುನಡುವೆ, ಅದಕ್ಕೂ ಒಂದು ಲೆಕ್ಕವಿದೆ, ಪಕ್ಕಪಕ್ಕದ ಉಷ್ಣತೆಯ ನಕಲುಗಳು ಜಾಗ ಬದಲಿಸಿಕೊಳ್ಳುತ್ತವೆ, ತಣ್ಣಗಿದ್ದದ್ದೂ ಗುಂಡಿಯಿಂದ ಪಾರಾಗುತ್ತದೆ.

ಉಂಗುರದಂಥ ಅಣುಗಳ ಕಾಟ ಇನ್ನೂ ಜಾಸ್ತಿ. ಒಂದೇ ಬಂಧ ತಿರುಗಿಸಿದರೆ ಉಂಗುರವೇ ಕಿತ್ತುಹೋಗುತ್ತದೆ. ಹಲವನ್ನು ಒಟ್ಟಿಗೆ ಹೊರಳಿಸಬೇಕು. ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಇಂಥದ್ದು, ಹನ್ನೊಂದು ಅಮೈನೋ ಆಮ್ಲಗಳ ಉಂಗುರ. ಜಿಡ್ಡಿನಂಥ ಜಾಗದಲ್ಲಿ ತನ್ನ ನಾಲ್ಕು ಎನ್‌ಎಚ್ (ನೈಟ್ರೋಜನ್-ಹೈಡ್ರೋಜನ್) ಗುಂಪುಗಳನ್ನು ಒಳಗೆ ಮಡಚಿಕೊಳ್ಳುತ್ತದೆ, ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ.

"ಹಾಗಾದರೆ ಅದರ ನಿಜವಾದ ಆಕಾರ ಯಾವುದು?" ಅಂದರು ಪಕ್ಕದ ಎಲೆಯವರು.

"ಎಲ್ಲಿ, ನೀರಲ್ಲೋ ತುಪ್ಪದಲ್ಲೋ?" ಅಂದೆ. ಅಷ್ಟರಲ್ಲಿ ಹೋಳಿಗೆ ಬಂತು.